ಬಾಂಬೆಯ ತೇಗ, ಹಾರ್ಟ್ಲ್‌ಪೂಲ್‌ನ ಹಡಗು

ಪ್ರಶ್ನೆ: ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದಾಗ ಹಾರ್ಟ್ಲ್‌ಪೂಲ್‌ನಲ್ಲಿ ‘ಟ್ರಿಂಕೋಮಲಿ’ ಎಂಬ ಹಳೇ ಯುದ್ಧದ ಹಡಗು ನೋಡಿದೆವು. ಕಟ್ಟಿದ್ದು ಬಾಂಬೆಯಲ್ಲಂತೆ, ನಿಜವಾ? ಮರದ ಹಡಗು ಇಷ್ಟು ವರ್ಷ ಹೇಗೆ ಉಳಿಯಿತು?
– ಓದುಗರೊಬ್ಬರು, ಬಸವನಗುಡಿ

ಉತ್ತರ: ನಿಜ. ಬಾಂಬೆಯ ವಾಡಿಯಾ ಮನೆತನದ ಜಮ್ಶೆಟ್‌ಜಿ ಬೊಮನ್‌ಜಿ ಅದನ್ನು ಕಟ್ಟಿದವರು. ನೀರಿಗಿಳಿದದ್ದು 1817ರ ಅಕ್ಟೋಬರ್ 12ರಂದು. ಅದಕ್ಕೂ ಮೊದಲೇ ಒಂದು ವಿಘ್ನ! ನಕ್ಷೆ ಹೊತ್ತು ತರುತ್ತಿದ್ದ ‘ಜಾವಾ’ ಹಡಗು 1812ರಲ್ಲಿ ಅಮೆರಿಕದವರ ಕೈಗೆ ಸಿಕ್ಕಿತು. ಮತ್ತೆ ಹೊಸ ನಕ್ಷೆ ಕಳಿಸಬೇಕಾಯಿತು. ಕೆಲಸ ಶುರುವಾದಾಗ ಪಾರ್ಸಿ ಪದ್ಧತಿಯಂತೆ ಹಡಗಿನ ತಳದ ದಿಮ್ಮಿಗೆ ಬೆಳ್ಳಿ ಮೊಳೆ ಹೊಡೆದರು. ನಾವು ಬಾಗಿಲು ನಿಲ್ಲಿಸುವಾಗ ಹೊಸ್ತಿಲ ಕೆಳಗೆ ನವರತ್ನ ಇಡುತ್ತೇವಲ್ಲ, ನನಗೆ ಅದೇ ನೆನಪಾಗುತ್ತದೆ.

ಉಳಿದದ್ದು ಮುಖ್ಯವಾಗಿ ತೇಗದಿಂದ. ಚಾಮರಾಜಪೇಟೆಯ ನಮ್ಮ ಅಜ್ಜನ ಮನೆ ಕೆಡವಿದಾಗ ಬಡಗಿ ತೇಗದ ಬಾಗಿಲಿನಿಂದ ಒಂದು ಕಬ್ಬಿಣದ ಮೊಳೆ ಕಿತ್ತು ನನ್ನ ಅಂಗೈಗೆ ಹಾಕಿದ. ತಲೆ ಮಾತ್ರ ತುಕ್ಕು ಹಿಡಿದಿತ್ತು, ಮರದೊಳಗಿದ್ದ ಭಾಗ ಕಪ್ಪಗೆ, ನುಣ್ಣಗೆ ಹಾಗೇ ಇತ್ತು. ತೇಗದ ಎಣ್ಣೆ ಕಬ್ಬಿಣವನ್ನು ಕಾಯುತ್ತದೆ. ಇಂಗ್ಲೆಂಡಿನ ಓಕ್ ಮರದ ಹುಳಿ ಅದನ್ನೇ ತಿನ್ನುತ್ತದೆ. ಜೊತೆಗೆ ಫ್ರಾನ್ಸ್ ಜೊತೆಗಿನ ಯುದ್ಧಗಳಲ್ಲಿ ಅಲ್ಲಿ ಓಕ್‌ಗೇ ಬರ ಬಂದಿತ್ತು.

ಇನ್ನೊಂದು ಕಾರಣ, ಅದಕ್ಕೆ ಬೇಗ ಕೆಲಸವೇ ಸಿಗಲಿಲ್ಲ. 1819ರಲ್ಲಿ ಪೋರ್ಟ್ಸ್‌ಮತ್ ತಲುಪುವ ಹೊತ್ತಿಗೆ ಯುದ್ಧ ಮುಗಿದಿತ್ತು. ಸುಮಾರು 25 ವರ್ಷ ಸುಮ್ನೆ ನಿಂತಿತ್ತು. 1847ರಿಂದ 1850ರವರೆಗೆ ಉತ್ತರ ಅಮೆರಿಕ, ವೆಸ್ಟ್ ಇಂಡೀಸ್ ಕಡೆ, 1852ರಿಂದ 1857ರವರೆಗೆ ಪೆಸಿಫಿಕ್‌ನಲ್ಲಿ ಕಾವಲು. ಕ್ರಿಮಿಯಾ ಯುದ್ಧ ನಡೆದದ್ದೂ ಆಗಲೇ. ಆದರೂ ದೊಡ್ಡ ಕದನ ಅದರ ಪಾಲಿಗೆ ಬರಲಿಲ್ಲ. ಆಮೇಲೆ ನಾವಿಕರಿಗೆ ತರಬೇತಿ ಕೊಡುವ ಹಡಗಾಯಿತು.

1897ರಲ್ಲಿ ಒಡೆಯಲೆಂದು ಗುಜರಿಯವರಿಗೆ ಮಾರಿಬಿಟ್ಟರು! ಜಾರ್ಜ್ ವೀಟ್ಲಿ ಕಾಬ್ ಎಂಬವರು ಅದನ್ನು ಕೊಂಡು, ಬಿರುಗಾಳಿಗೆ ಸಿಕ್ಕಿ ನಾಶವಾದ ತಮ್ಮ ಹಡಗಿನ ‘ಫುಡ್ರಾಯಂಟ್’ ಎಂಬ ಹೆಸರನ್ನೇ ಇಟ್ಟರು. 1986ರವರೆಗೂ ಹುಡುಗ ಹುಡುಗಿಯರು ಅದರಲ್ಲಿ ಕಲಿತರು. ಹಾರ್ಟ್ಲ್‌ಪೂಲ್‌ನಲ್ಲಿ ದುರಸ್ತಿ ನಡೆಯುತ್ತಿದ್ದಾಗ, 1992ರಲ್ಲಿ, ಹಳೇ ಹೆಸರು ವಾಪಸ್ ಬಂತು.

ಬ್ರಿಟನ್ನಿನ ಯುದ್ಧನೌಕೆಗಳಲ್ಲಿ ಇವತ್ತಿಗೂ ನೀರಿನ ಮೇಲೆ ತೇಲುತ್ತಿರುವ ಅತ್ಯಂತ ಹಳೆಯದು ಇದೇ. ಮತ್ತೆ ಹೋದರೆ ಆ ಮರವನ್ನೊಮ್ಮೆ ಮುಟ್ಟಿ ನೋಡಿ. ಅದರಲ್ಲಿ ಬಹುಪಾಲು ನಮ್ಮ ಕಡೆಯದೇ.