ವಿಂಡೋಸ್ 10 ಸಪೋರ್ಟ್ ಮುಗೀತು, ಹಳೆ ಕಂಪ್ಯೂಟರ್ ಗುಜರಿಗೆ ಹಾಕಬೇಕಾ?

ತಿಕೋಟಾದಿಂದ ಕೇಳಿದ್ದೀರಿ: ಮನೆಯಲ್ಲಿ ಫೋರ್ತ್ ಜನರೇಶನ್ ಇಂಟೆಲ್ ಐ3 ಪ್ರೊಸೆಸರಿನ ಡೆಸ್ಕ್‌ಟಾಪ್ ಒಂದು, ಅದೇ ಕಾಲದ ಲ್ಯಾಪ್‌ಟಾಪ್ ಒಂದು. ಡೆಸ್ಕ್‌ಟಾಪಿನಲ್ಲಿ ಒಣದ್ರಾಕ್ಷಿ ವ್ಯಾಪಾರದ ಲೆಕ್ಕ ಇಡುವ ಟ್ಯಾಲಿ ಸಾಫ್ಟ್‌ವೇರ್ ಮತ್ತು ತಂದೆಯವರು 'ನುಡಿ' ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಫೈಲುಗಳು, ಲ್ಯಾಪ್‌ಟಾಪ್ ಮಕ್ಕಳ ಓದಿಗೆ. ಎರಡನ್ನೂ ಗುಜರಿಗೆ ಕೊಟ್ಟು ಹೊಸದು ತಗೊಳ್ರಿ ಅಂತ ಯಾರೋ ಹೇಳ್ಯಾರ, ಏನು ಮಾಡಲಿ ಅಂತ.

ನಾನು ವಿಜಯಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಹೊಸದು ಮಾರಿದರೆ ನನಗೇ ನಾಲ್ಕು ಕಾಸು ಉಳಿಯೋದು. ಆದರೂ ಎರಡನ್ನೂ ಕೊಡಬೇಡ್ರಿ. ಮೆಷಿನ್ನಿನ ವಯಸ್ಸು ಬಿಡ್ರಿ, ಅದರಲ್ಲಿ ಯಾವ ಸಾಫ್ಟ್‌ವೇರ್ ಓಡಲೇಬೇಕು ಅನ್ನೋದನ್ನ ನೋಡ್ರಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ನಿಂತವು. ಮೆಷಿನ್ ಏನೂ ನಿಲ್ಲಲ್ಲ. ವೈರಸ್, ಕಳ್ಳರು ನುಗ್ಗುವಂಥ ಹೊಸ ತೂತು ಕಂಡರೆ ಮುಚ್ಚುವವರು ಇಲ್ಲ, ಅಷ್ಟೇ. ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೇ ಜನರೇಶನ್ನಿನಿಂದ ಮೇಲೆ, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇರೆ ಕೇಳುತ್ತೆ. ನಿಮ್ಮವೆರಡೂ ಪಾಸಾಗಲ್ಲ. ಆ ಚೆಕಿಂಗ್ ತಪ್ಪಿಸಿ 11 ಹಾಕಿಕೊಡುವವರು ಇದ್ದಾರೆ. ಓಡುತ್ತೆ ಸಹ. ಆದರೆ ಹಾಗೆ ಹಾಕಿದ್ದಕ್ಕೆ ಮುಂದೆ ಅಪ್‌ಡೇಟ್ ಬಂದೇ ಬರುತ್ತೆ ಅಂತ ಮೈಕ್ರೋಸಾಫ್ಟ್ ಮಾತು ಕೊಟ್ಟಿಲ್ಲ. ಲೆಕ್ಕಪತ್ರ ಇರುವ ಮೆಷಿನ್ನಿಗೆ ನಾನಂತೂ ಹಾಕಿಕೊಡಲ್ಲ.

ಮೊದಲು ಡೆಸ್ಕ್‌ಟಾಪ್. ಟ್ಯಾಲಿಗೆ ವಿಂಡೋಸೇ ಬೇಕು. ಮನೆಬಳಕೆಯ ವಿಂಡೋಸ್ 10ಕ್ಕೆ ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್ ಅಂತ ಒಂದು ವ್ಯವಸ್ಥೆ ಇದೆ, ಅದು 2026ರ ಅಕ್ಟೋಬರ್ 13ರವರೆಗೆ. ಸ್ಟಾರ್ಟ್ ಮೆನುವಿನಲ್ಲಿ 'ವಿನ್‌ವರ್' (winver) ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಆವೃತ್ತಿ 22ಎಚ್2 ಅಂತ ತೋರಿಸಬೇಕು, ಇಲ್ಲದಿದ್ದರೆ ಮೊದಲು ಅದಕ್ಕೆ ಏರಿಸಿಕೊಳ್ರಿ. ಆಮೇಲೆ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳುವ ಬಟನ್ ಸಿಗುತ್ತೆ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೊಡಬೇಕಾಗಿಲ್ಲ. ಇದರಿಂದ ಸಿಗೋದು ಒಂದಿಷ್ಟು ಕಾಲಾವಕಾಶ ಮಾತ್ರ. ಅಷ್ಟರೊಳಗೆ ಟ್ಯಾಲಿಗೆ ಬೇರೊಂದು ಮೆಷಿನ್ ನೋಡಿಕೊಳ್ರಿ. ಎಂಟನೇ ಜನರೇಶನ್ನಿನ ಸೆಕೆಂಡ್ ಹ್ಯಾಂಡ್ ಆದರೂ ಸಾಕು. ದ್ರಾಕ್ಷಿ ಹಂಗಾಮಿನ ಗಡಿಬಿಡಿಯಲ್ಲಿ ಮಾತ್ರ ಬದಲಾಯಿಸಬೇಡ್ರಿ. ಹಳೆಯದರಲ್ಲಿ ಟ್ಯಾಲಿ ಲೈಸೆನ್ಸ್ ಸರೆಂಡರ್ ಮಾಡಿಯೇ ಹೊಸದರಲ್ಲಿ ಆಕ್ಟಿವೇಟ್ ಮಾಡ್ರಿ.

ನುಡಿ ಫೈಲುಗಳ ಬಗ್ಗೆ ಯಾರೂ ನಿಮಗೆ ಹೇಳಿಲ್ಲ ಅನ್ಸುತ್ತೆ, ನನ್ನ ಪ್ರಕಾರ ನಿಜವಾದ ತೊಂದರೆ ಇರೋದೇ ಅಲ್ಲಿ. ಹಳೆ ನುಡಿ ಫಾಂಟಿನಲ್ಲಿ ಕನ್ನಡ ಅಕ್ಷರದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಅದಕ್ಕೇ ಫಾಂಟ್ ಇಲ್ಲದ ಮೆಷಿನ್ನಿನಲ್ಲಿ ತೆರೆದರೆ ಅಡ್ಡಾದಿಡ್ಡಿ ಇಂಗ್ಲಿಷ್ ಕಾಣುತ್ತೆ, ಜನ ಫೈಲ್ ಕೆಟ್ಟಿತು ಅಂತ ಡಿಲೀಟ್ ಮಾಡಿಬಿಡ್ತಾರೆ! ಯಾವುದಕ್ಕೂ ಕೈ ಹಚ್ಚುವ ಮೊದಲು ಫೈಲುಗಳ ಜೊತೆಗೆ ಫಾಂಟುಗಳನ್ನೂ ಕಾಪಿ ಮಾಡಿ ಇಡ್ರಿ. ಮುಖ್ಯವಾದವನ್ನ ಎಲ್ಲಾ ಮೆಷಿನ್ನಿಗೂ ಅರ್ಥವಾಗುವ ಯುನಿಕೋಡಿಗೆ ಪರಿವರ್ತಿಸಿದರೆ ಮೊಬೈಲಿನಲ್ಲೂ ಓದಬಹುದು. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಒಮ್ಮೆ ಕಣ್ಣಾಡಿಸ್ರಿ. ತಂದೆಯವರಿಗೆ ಹಳೆ ನುಡಿಯಲ್ಲೇ ಕೈ ಕೂತಿದ್ದರೆ, ಟ್ಯಾಲಿ ಹೋದ ಮೇಲೆ ಆ ಡೆಸ್ಕ್‌ಟಾಪನ್ನ ಇಂಟರ್ನೆಟ್ ತೆಗೆದು ಅವರಿಗೇ ಬಿಟ್ಟುಬಿಡ್ರಿ. ಬರೇ ಟೈಪಿಂಗಿಗೆ ಅಪ್‌ಡೇಟ್ ಯಾತಕ್ಕೆ? ಕಂಡಕಂಡವರ ಪೆನ್‌ಡ್ರೈವ್ ಚುಚ್ಚಬಾರದು, ಅದೊಂದು ಷರತ್ತು.

ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿಸ್ರಿ, ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ, ದುಡ್ಡು ಕೊಡಬೇಕಿಲ್ಲ. ಯೂಟ್ಯೂಬ್ ಪಾಠ, ಸೇವಾ ಸಿಂಧು, ಸ್ಕಾಲರ್‌ಶಿಪ್ ಅರ್ಜಿ ಎಲ್ಲಾ ಬ್ರೌಸರಿನಲ್ಲೇ ಆಗುವಂಥವು. ಪ್ರಿಂಟರ್ ಮತ್ತು ವೈಫೈ ಹಿಡಿಯುತ್ತಾ ಅಂತ ಇನ್‌ಸ್ಟಾಲ್ ಮಾಡುವ ಮುಂಚೆ ಪೆನ್‌ಡ್ರೈವಿನಿಂದಲೇ ಬೂಟ್ ಮಾಡಿ ನೋಡಬಹುದು. ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿದರೆ ಮಕ್ಕಳು 'ಸ್ಲೋ ಐತಿ' ಅನ್ನೋದು ಬಿಡ್ತಾರೆ.

ಇನ್ನೊಂದು. ಡೆಸ್ಕ್‌ಟಾಪಿನಲ್ಲಿ ತಾರೀಖು ಹಿಂದಕ್ಕೆ ಹೋಗಿ ಯಾವ ವೆಬ್‌ಸೈಟೂ ತೆರೀತಿಲ್ಲ ಅಂದರೆ ಅದು ಸಪೋರ್ಟ್ ಮುಗಿದದ್ದರಿಂದ ಅಲ್ಲ. ಗಡಿಯಾರ ನಡೆಸುವ, ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿರುತ್ತೆ. ಸೆಲ್ ಬದಲಿಸಿ, ಒಳಗಿನ ಧೂಳು ಊದಿಸಿ. ನಮ್ಮ ಕಡೆ ಧೂಳು, ಬಿಸಿಲಿಗೇ ಅರ್ಧ ಮೆಷಿನ್ ಸಾಯ್ತಾವ.

ನಿಜವಾಗಲೂ ಕೆಟ್ಟ ಮೇಲೆ ಕೊಡೋದಾದರೆ, ವೈರ್ ಸುಟ್ಟು ತಾಮ್ರ ತೆಗೆಯುವವರಿಗೆ ಬೇಡ. 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ರೀಸೈಕ್ಲರ್‌ಗಳಿದ್ದಾರೆ, ಅಂಥವರಿಗೆ ಕೊಡ್ರಿ. ಲ್ಯಾಪ್‌ಟಾಪ್ ಬ್ಯಾಟರಿ ಉಬ್ಬಿದ್ದರೆ ಇವತ್ತೇ ತೆಗೆಸ್ರಿ. ಡಿಸ್ಕ್ ಮಾತ್ರ ಯಾರಿಗೂ ಕೊಡಬೇಡ್ರಿ, ಫಾರ್ಮ್ಯಾಟ್ ಮಾಡಿದರೂ ಎಷ್ಟೋ ಸಲ ಫೈಲುಗಳನ್ನ ವಾಪಸ್ ತೆಗೆಯಬಹುದು. ಬಿಚ್ಚಿ ಯುಎಸ್‌ಬಿ ಕೇಸ್ ಹಾಕಿಟ್ಟರೆ ಟ್ಯಾಲಿ ಬ್ಯಾಕಪ್ ಇಡೋದಕ್ಕೆ ಆಗುತ್ತೆ.