ಮಾಸ್ಟರ್ ಹಿರಣ್ಣಯ್ಯನವರ ಹಳೇ ಸಂದರ್ಶನ, ಬೂಷ್ಟು ಹಿಡಿದ ಕ್ಯಾಸೆಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತೊಂಬತ್ತರ ದಶಕದಲ್ಲಿ ತಂದೆಯವರು ಟಿ.ವಿ.ಯಿಂದ ರೆಕಾರ್ಡ್ ಮಾಡಿಟ್ಟಿದ್ದ ಮಾಸ್ಟರ್ ಹಿರಣ್ಣಯ್ಯನವರ ಸಂದರ್ಶನದ ವಿಎಚ್ಎಸ್ ಕ್ಯಾಸೆಟ್ ಅಟ್ಟದಲ್ಲಿ ಸಿಕ್ಕಿದೆ. ಟೇಪಿನ ಸುರುಳಿಯ ಅಂಚಿಗೆ ಬಿಳಿ ಪುಡಿ ಹತ್ತಿದೆ. ಪರಿಚಯದವರಲ್ಲಿ ವಿಸಿಆರ್ ಇದೆ. ಹಾಕಿ ನೋಡಬಹುದೇ? (ಉಡುಪಿಯಿಂದ)

ಉತ್ತರ: ದಯವಿಟ್ಟು ಈಗಲೇ ಹಾಕಬೇಡಿ. ಆ ಬಿಳಿ ಪುಡಿ ಬೂಷ್ಟು. ಕರಾವಳಿಯ ಮಳೆಗಾಲ ಕಂಡ ಕ್ಯಾಸೆಟ್‌ಗಳಲ್ಲಿ ಇದು ಮಾಮೂಲು. ಬೂಷ್ಟಿನಿಂದ ಟೇಪಿನ ಪದರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ವಿಸಿಆರ್ ಎಳೆದ ರಭಸಕ್ಕೆ ಟೇಪು ಹರಿಯುತ್ತದೆ, ಇಲ್ಲವೇ ಪುಡಿ ಯಂತ್ರದ ಹೆಡ್ಡಿಗೆ (ಟೇಪನ್ನು ಓದುವ ಭಾಗಕ್ಕೆ) ಮೆತ್ತಿಕೊಂಡು ಚಿತ್ರವೇ ಬರುವುದಿಲ್ಲ. ಅದೇ ಯಂತ್ರಕ್ಕೆ ಆಮೇಲೆ ಹಾಕಿದ ಕ್ಯಾಸೆಟ್‌ಗಳಿಗೂ ಬೂಷ್ಟು ದಾಟುತ್ತದೆ.

ಅಂಚಿನ ಬೂಷ್ಟಿಗೆ ಹೆದರಲು ಇನ್ನೊಂದು ಕಾರಣವಿದೆ. ಟೇಪಿನ ಅಗಲ 12.65 ಮಿಲಿಮೀಟರ್. ಚಿತ್ರ ನಡುಭಾಗದಲ್ಲಿ ಓರೆಗೆರೆಗಳಾಗಿ ಇರುತ್ತದೆ. ಧ್ವನಿ ಮಾತ್ರ ಮೇಲಂಚಿನ ಸುಮಾರು 1 ಮಿಲಿಮೀಟರ್ ಪಟ್ಟಿಯಲ್ಲಿ ಉದ್ದಕ್ಕೆ ಹರಿದಿರುತ್ತದೆ. ಅಂಚು ಕೆಟ್ಟರೆ ಮೊದಲು ಹೋಗುವುದೇ ಮಾತು. ಹಿರಣ್ಣಯ್ಯನವರ ಮಟ್ಟಿಗೆ ಮಾತು ಹೋದರೆ ಉಳಿಯುವುದೇನು? ಅವರ ‘ಲಂಚಾವತಾರ’ ನಾಟಕವನ್ನು ಎರಡು ಊರಲ್ಲಿ ನೋಡಿದವರಿಗೆ ಗೊತ್ತು, ಎರಡು ದಿನ ಒಂದೇ ಸಂಭಾಷಣೆ ಇರುತ್ತಿರಲಿಲ್ಲ. ಅಂದಿನ ರಾಜಕೀಯ, ಎದುರಿಗೆ ಕೂತ ಜನ, ಆ ಊರಿನ ಸಮಾಚಾರ ಎಲ್ಲವೂ ಅಲ್ಲೇ ನಾಟಕದೊಳಗೆ ಬಂದುಬಿಡುತ್ತಿತ್ತು. ಹಾಗೆ ನಿಂತ ನಿಲುವಿನಲ್ಲೇ ನಾಟಕ ಬರೆದವರು ಅಚ್ಚಿನ ಪುಟದಲ್ಲಿ ಪೂರ್ತಿ ಸಿಗುವುದಿಲ್ಲ. ಅವರು ಮಾತಾಡಿದ ಒಂದೊಂದು ಟೇಪೂ ಒಂದೊಂದು ಕೃತಿ. ಆದ್ದರಿಂದ ಅವಸರ ಬೇಡ.

ಮೊದಲು ಒಣಗಿಸಿ. ಗಾಳಿಯಾಡದ ಡಬ್ಬಿಯಲ್ಲಿ 200 ಗ್ರಾಂ ನೀಲಿ ಸಿಲಿಕಾ ಜೆಲ್ ಹಾಕಿ, ಕ್ಯಾಸೆಟ್ಟನ್ನು ನಿಲ್ಲಿಸಿ, ಒಂದು ವಾರದಿಂದ ಹತ್ತು ದಿನ ಮುಚ್ಚಿಡಿ. ಹರಳು ಗುಲಾಬಿಯಾದರೆ ಬದಲಿಸಿ. ಹೇರ್ ಡ್ರೈಯರ್, ಬಿಸಿಲು, ಓವನ್ ಯಾವುದೂ ಕೂಡದು. ಶಾಖಕ್ಕೆ ಟೇಪು ಹಿಗ್ಗಿದರೆ ಸರಿಪಡಿಸುವ ದಾರಿಯೇ ಇಲ್ಲ. ಒಣಗಿದ ಬೂಷ್ಟು ಪುಡಿಯಾಗಿ ಉದುರುತ್ತದೆ. ಎನ್-95 ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಕೂತು ಮುಂದಿನ ಕೆಲಸ ಮಾಡಿ.

ಕ್ಯಾಸೆಟ್ಟಿನ ತಳದಲ್ಲಿ ಐದು ತಿರುಪುಗಳಿವೆ: ಮೂಲೆಗೊಂದು, ನಡುವೆ ಒಂದು. ಸಡಿಲಿಸಿ, ಎರಡೂ ಅರ್ಧಗಳನ್ನು ಒತ್ತಿಹಿಡಿದು ಮಗುಚಿ, ಮೇಲಿನ ಅರ್ಧವನ್ನು ಎತ್ತಿ. ಎತ್ತಿದ ಕೂಡಲೇ ಟೇಪು ಯಾವ ಕಡ್ಡಿಯ ಯಾವ ಬದಿಯಿಂದ ಹಾದಿದೆ ಎಂದು ಫೋಟೊ ತೆಗೆದುಕೊಳ್ಳಿ. ಇದನ್ನು ಮರೆತವರೇ ಜೋಡಿಸುವಾಗ ಪರದಾಡುವುದು. ಸುರುಳಿಯ ಅಂಚನ್ನು ಮೆತ್ತನೆಯ ಒಣ ಬ್ರಷ್‌ನಿಂದ ನಡುವಿನಿಂದ ಹೊರಕ್ಕೆ ಒರೆಸಿ. ನೀರು ತಾಗಿಸಬೇಡಿ. ಆಮೇಲೆ ಎರಡೂ ಸುರುಳಿಗಳನ್ನು ಬೇರೊಂದು ಶುದ್ಧ ಕ್ಯಾಸೆಟ್ಟಿನ ಚಿಪ್ಪಿಗೆ ವರ್ಗಾಯಿಸಿ. ಹಳೇ ಚಿಪ್ಪಿನ ಸಂದುಗೊಂದುಗಳಲ್ಲಿ ಬೂಷ್ಟು ಉಳಿದೇ ಇರುತ್ತದೆ. ಬೇಡದ ಕ್ಯಾಸೆಟ್ ಒಂದರ ಮೇಲೆ ಇದನ್ನೆಲ್ಲ ಮೊದಲು ಮಾಡಿ ನೋಡುವುದು ಒಳ್ಳೆಯದು. ಸುರುಳಿಯನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸುವಾಗ ಪದರ ಬಿಡದೆ ‘ಚಟ್’ ಎಂದು ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ, ಟೇಪು ಶುಚಿಗೊಳಿಸುವ ಯಂತ್ರ ಇರುವವರ ಕೈಗೆ ಕೊಡಿ.

ಎಲ್ಲಕ್ಕಿಂತ ಮುಂಚೆ, ಕ್ಯಾಸೆಟ್ಟಿನ (ಚಿಪ್ಪು ಬದಲಿಸಿದರೆ ಹೊಸ ಚಿಪ್ಪಿನ) ಬೆನ್ನಂಚಿನ ಪುಟ್ಟ ಪ್ಲಾಸ್ಟಿಕ್ ಚೂರು ಇನ್ನೂ ಇದ್ದರೆ ಮುರಿದುಬಿಡಿ. ಅದಿಲ್ಲದಿದ್ದರೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಸಂದರ್ಶನ ಅಳಿಸದು.

ಪ್ರಶ್ನೆ: ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಸಾಧನ ಕೊಂಡು ಲ್ಯಾಪ್‌ಟಾಪ್‌ಗೆ ಇಳಿಸಲು ನೋಡಿದೆ. ಚಿತ್ರ ಕಪ್ಪುಬಿಳುಪಾಗಿ ಉರುಳುತ್ತದೆ. ಅದನ್ನು ಹೇಗೋ ಸರಿಮಾಡಿದರೆ, ಅರ್ಧ ಗಂಟೆಯ ಹೊತ್ತಿಗೆ ತುಟಿ ಒಂದು ಕಡೆ, ಮಾತು ಒಂದು ಕಡೆ. (ದಾವಣಗೆರೆ)

ಉತ್ತರ: ಎರಡು ಬೇರೆ ಬೇರೆ ತೊಂದರೆಗಳು. ಮೊದಲನೆಯದು ಸೆಟ್ಟಿಂಗ್. ಇಂಥ ಸಾಧನಗಳು ಹೆಚ್ಚಾಗಿ ಅಮೆರಿಕದ ಎನ್‌ಟಿಎಸ್‌ಸಿ ಟಿ.ವಿ. ಸಂಕೇತ ಪದ್ಧತಿಗೆ ಹೊಂದಿಕೊಂಡು ಬರುತ್ತವೆ. ನಮ್ಮದು ಪಾಲ್. ತಂತ್ರಾಂಶದಲ್ಲಿ ಪಾಲ್-ಬಿ, 720×576, ಸೆಕೆಂಡಿಗೆ 25 ಫ್ರೇಮು, ಧ್ವನಿ 48 ಕಿಲೋಹರ್ಟ್ಸ್ ಎಂದು ಹಾಕಿ.

ಎರಡನೆಯದಕ್ಕೆ ಕಾರಣ ಟೇಪೇ. ಹಳೇ ಟೇಪಿನಿಂದ ಬರುವ ಸಂಕೇತ ಸಮಗತಿಯಲ್ಲಿರುವುದಿಲ್ಲ. ಗೆರೆ ತಪ್ಪಿದಾಗೆಲ್ಲ ಕ್ಯಾಪ್ಚರ್ ಸಾಧನ ಫ್ರೇಮನ್ನೇ ಬಿಟ್ಟುಬಿಡುತ್ತದೆ, ಧ್ವನಿ ಮಾತ್ರ ಬಿಡದೆ ಸಾಗುತ್ತದೆ. 25 ಫ್ರೇಮು ಹೋದರೆ ಒಂದು ಸೆಕೆಂಡಿನ ಅಂತರ. ಇದಕ್ಕೆ ಸಂಕೇತದ ಗತಿಯನ್ನು ಸಮಗೊಳಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನ ಬೇಕು. ಅದು ದುಬಾರಿ. ಹಳೇ ಡಿವಿಡಿ ರೆಕಾರ್ಡರ್ ಸಿಕ್ಕರೆ ವಿಸಿಆರ್‌ನಿಂದ ಅದಕ್ಕೆ, ಅದರಿಂದ ಕ್ಯಾಪ್ಚರ್ ಸಾಧನಕ್ಕೆ ಜೋಡಿಸಿ; ಕೆಲವು ಮಾದರಿಗಳು ಹಾದುಹೋಗುವ ಸಂಕೇತವನ್ನು ಸಾಕಷ್ಟು ಸರಿಪಡಿಸಿ ಕೊಡುತ್ತವೆ. ಅದೂ ಇಲ್ಲವೆಂದರೆ ಹತ್ತು ಹತ್ತು ನಿಮಿಷದ ತುಂಡುಗಳಾಗಿ ಇಳಿಸಿ. ಪ್ರತಿ ತುಂಡೂ ಹಿಂದಿನದರ ಕೊನೆಯ ಅರ್ಧ ನಿಮಿಷವನ್ನು ಒಳಗೊಂಡಿರಲಿ, ಆಮೇಲೆ ಸೇರಿಸಬಹುದು.

ಅದಕ್ಕೂ ಮೊದಲು ವಿಸಿಆರ್‌ನ ಹೆಡ್ಡು ಒರೆಸಿದ್ದೀರಾ? ಪ್ಲಗ್ ತೆಗೆದು, 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೋಯಿಸಿದ, ನೂಲು ಬಿಡದ ಬಟ್ಟೆಯನ್ನು ಡ್ರಮ್ಮಿಗೆ (ಹೆಡ್ಡು ಕೂತಿರುವ, ತಿರುಗುವ ಉರುಳೆಗೆ) ಮೆಲ್ಲಗೆ ಆನಿಸಿ ಹಿಡಿಯಿರಿ. ಬಟ್ಟೆ ಅಲುಗಬಾರದು, ಇನ್ನೊಂದು ಕೈಯಿಂದ ಡ್ರಮ್ಮನ್ನೇ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ. ಹತ್ತಿಯ ಕಡ್ಡಿ ಬೇಡ, ಅದರ ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಟೇಪು ಹಾಕಿ.

ಮೂಲಪ್ರತಿಯನ್ನು ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1 ರೂಪದಲ್ಲಿ, ಏನನ್ನೂ ಕಳೆಯದೆ ಉಳಿಸಿ. ಗಂಟೆಗೆ 30 ಜಿಬಿ ಆಸುಪಾಸು ಜಾಗ ಬೇಕಾದೀತು. ಮನೆಯವರು ನೋಡಲು 2 ಜಿಬಿಯ ಎಂಪಿ4 ಸಾಕು. ಚಿತ್ರ 4:3 ಆಕಾರದಲ್ಲೇ ಇರಲಿ. ಅಗಲದ ಟಿ.ವಿ. ತುಂಬಲೆಂದು ಎಳೆದು ಅವರ ಮುಖವನ್ನು ಉಬ್ಬಿಸಬೇಡಿ.

ಪ್ರಶ್ನೆ: ಇಳಿಸಿದ ಧ್ವನಿಯಲ್ಲಿ ‘ಸ್‌ಸ್’ ಸದ್ದು, ‘ಗುಂಯ್’ ಸದ್ದು ಎರಡೂ ಇವೆ. ಶಬ್ದ ತೆಗೆಯುವ ಫಿಲ್ಟರ್ ಹಾಕಿದ ಮೇಲೆ ಹಿರಣ್ಣಯ್ಯನವರು ನೀರೊಳಗಿಂದ ಮಾತಾಡಿದಂತಿದೆ, ನಗುವೂ ಬರುವುದಿಲ್ಲ. (ಮೈಸೂರು)

ಉತ್ತರ: ನಗು ಬಾರದ್ದನ್ನು ಗಮನಿಸಿದಿರಲ್ಲ, ವಿಷಯ ಇರುವುದೇ ಅಲ್ಲಿ. ಅವರು ಒಂದೇ ಉಸಿರಿಗೆ ಮಾತಿನ ಮೇಲೆ ಮಾತು ಪೇರಿಸುತ್ತ ಹೋಗಿ, ತಟ್ಟನೆ ನಿಂತು, ಎದುರಿನವರಿಗೆ ಅರ್ಥವಾಗುವವರೆಗೆ ಕಾಯುವವರು. ಆ ಕಾಯುವಿಕೆಯಲ್ಲಿ ಸಂದರ್ಶಕರ ಸಣ್ಣ ನಗು, ಉಸಿರೆಳೆದ ಸದ್ದು, ಕುರ್ಚಿಯ ಕಿರುಗುಟ್ಟುವಿಕೆ ಇರುತ್ತವೆ. ಫಿಲ್ಟರಿಗೆ ಅದೆಲ್ಲ ಗದ್ದಲ! ಅದು ಅಳಿಸಿಬಿಟ್ಟಾಗ ಮೌನ ಸತ್ತು, ಚಟಾಕಿ ನೆಲಕ್ಕೆ ಬೀಳುತ್ತದೆ.

‘ಗುಂಯ್’ ಸದ್ದು ವಿದ್ಯುತ್ತಿನದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ಮತ್ತೆ ಇಳಿಸಿದರೆ ಬಹುಪಾಲು ಹೋಗುತ್ತದೆ. ಟೇಪಿನಲ್ಲೇ ಇದ್ದರೆ 50, 100, 150 ಹರ್ಟ್ಸ್‌ಗಳಲ್ಲಿ ಮಾತ್ರ, ಆ ಒಂದೊಂದು ಕಂಪನವನ್ನಷ್ಟೇ ತೆಗೆಯುವ ಕಿರಿದಾದ ನಾಚ್ ಫಿಲ್ಟರ್ ಹಾಕಿ. ‘ಸ್‌ಸ್’ ಸದ್ದನ್ನು 6 ಡೆಸಿಬೆಲ್‌ಗಿಂತ ಹೆಚ್ಚು ಇಳಿಸಬೇಡಿ. ನಾಯ್ಸ್ ಗೇಟ್ (ಮೆಲುಸದ್ದನ್ನು ಪೂರ್ತಿ ಮುಚ್ಚಿಬಿಡುವ ಫಿಲ್ಟರ್), ‘ಮೌನ ಕತ್ತರಿಸು’ ಎಂಬ ಆಯ್ಕೆ ಎರಡನ್ನೂ ಮುಟ್ಟಲೇಬೇಡಿ. ಇದೆಲ್ಲ ನಕಲಿನ ಮೇಲೆ. ಮೂಲಪ್ರತಿ ಹಾಗೇ ಇರಲಿ. ಸ್ವಲ್ಪ ಸದ್ದಿದ್ದರೂ ಅವರು ಅವರಾಗಿಯೇ ಕೇಳಿಸಲಿ.

ಪ್ರಶ್ನೆ: ಸಂದರ್ಶನ ಯಾವ ವರ್ಷದ್ದೆಂದು ಪತ್ತೆಹಚ್ಚುವುದು ಹೇಗೆ? ಬರಹಕ್ಕೆ ಇಳಿಸುವಾಗ ಏನು ಗಮನಿಸಬೇಕು? (ಹುಬ್ಬಳ್ಳಿ)

ಉತ್ತರ: ಸಂದರ್ಶನದ ಹಿಂದೆ ಮುಂದೆ ಇರುವ ಜಾಹೀರಾತು, ವಾರ್ತೆಯ ತುಣುಕುಗಳನ್ನು ಕತ್ತರಿಸಬೇಡಿ, ಕಾಲ ಸಿಗುವುದು ಅಲ್ಲೇ. ಮೂಲೆಯ ಲಾಂಛನ ನೋಡಿ: ಉದಯ ಟಿ.ವಿ. ಇದ್ದರೆ 1994ರ ಜೂನ್ ನಂತರದ್ದು, ಈಟಿವಿ ಕನ್ನಡ ಇದ್ದರೆ 2000ದ ಡಿಸೆಂಬರ್ ನಂತರದ್ದು. ಹಿರಣ್ಣಯ್ಯನವರೇ ಒಳ್ಳೆಯ ಸುಳಿವು ಕೊಡುತ್ತಾರೆ. ಅವರು ಕೆಣಕುವ ಮುಖ್ಯಮಂತ್ರಿ ಯಾರು, ಯಾವ ಬೆಲೆಯೇರಿಕೆ, ಯಾವ ಚುನಾವಣೆ ಎಂದು ಪಟ್ಟಿ ಮಾಡಿ ಆಗಿನ ಪತ್ರಿಕೆಗಳ ಜೊತೆ ತಾಳೆ ನೋಡಿದರೆ ಎಷ್ಟೋ ಸಲ ತಿಂಗಳವರೆಗೂ ತಲುಪಬಹುದು.

ಬರೆದುಕೊಳ್ಳುವಾಗ ಒಂದು ಗಂಟೆಯ ಮಾತಿಗೆ ಐದಾರು ಗಂಟೆ ಬೇಕೆಂದು ಲೆಕ್ಕ ಹಾಕಿ. ‘ಮಾಡ್ತೀನಿ’ ಎಂದದ್ದನ್ನು ‘ಮಾಡುತ್ತೇನೆ’ ಎಂದು ತಿದ್ದಬೇಡಿ. ಮಾತಿನ ನಡುವಿನ ಇಂಗ್ಲಿಷ್, ಅರ್ಧಕ್ಕೆ ಬಿಟ್ಟ ವಾಕ್ಯ, ತಿರುಗಿಸಿ ಹೇಳಿದ್ದು ಎಲ್ಲ ಇರಲಿ. ಒಂದು ಸೆಕೆಂಡಿಗಿಂತ ಹೆಚ್ಚಿನ ನಿಲುಗಡೆಯನ್ನು ಕಂಸದಲ್ಲಿ ಸೆಕೆಂಡು ಸಮೇತ ಗುರುತಿಸಿ, ನಗು ಯಾರದ್ದೆಂದು ಬರೆಯಿರಿ. ನಿಮಿಷಕ್ಕೊಮ್ಮೆ ವಿಡಿಯೊದ ಸಮಯ ನಮೂದಿಸಿ. ಕೇಳಿಸದ ಪದಕ್ಕೆ ಊಹೆಯ ಪದ ತುಂಬುವುದು ದೊಡ್ಡ ತಪ್ಪು. ಶ್ಲೇಷೆಯ ಮೇಲೆ ನಿಂತ ಮಾತಿನಲ್ಲಿ ಒಂದು ಅಕ್ಷರ ಬದಲಾದರೂ ಚಟಾಕಿ ಹಾಳಾಗುತ್ತದೆ. ಚುಕ್ಕೆ ಇಟ್ಟು ಬಿಡಿ, ಅವರ ನಾಟಕಗಳನ್ನು ಬಲ್ಲ ಹಿರಿಯರಿಗೆ ಕೇಳಿಸಿ.

ಪ್ರಶ್ನೆ: ಯೂಟ್ಯೂಬಿಗೆ ಹಾಕಬಹುದೇ? (ಬೆಂಗಳೂರು)

ಉತ್ತರ: ಮನೆಯಲ್ಲಿ ನೋಡಲು, ಅಧ್ಯಯನಕ್ಕೆ ಅಡ್ಡಿಯಿಲ್ಲ. ಸಾರ್ವಜನಿಕವಾಗಿ ಹಾಕಲು ಅನುಮತಿ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಪ್ರಸಾರ ಸಂಸ್ಥೆಯ ಹಕ್ಕು, ಪ್ರಸಾರವಾದ ವರ್ಷದ ಮುಂದಿನ ವರ್ಷದಿಂದ 25 ವರ್ಷ. ಅದು ಮುಗಿದಿದ್ದರೂ ಚಿತ್ರೀಕರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ವಾಹಿನಿಗೆ ಪತ್ರ ಬರೆಯಿರಿ, ಹಿರಣ್ಣಯ್ಯನವರ ಕುಟುಂಬದವರಿಗೂ ತಿಳಿಸಿ. ವಾಹಿನಿಯಲ್ಲೇ ಮೂಲ ಟೇಪು ಉಳಿಯದೆ ಇರಬಹುದು. ಪತ್ರದಲ್ಲಿ ನಿಮ್ಮಲ್ಲಿರುವ ಪ್ರತಿಯ ಅವಧಿ, ಸ್ಥಿತಿ, ಅಂದಾಜು ವರ್ಷ ನಮೂದಿಸಿ, ಅವರಿಗೂ ಒಂದು ಪ್ರತಿ ಕೊಡುವುದಾಗಿ ಹೇಳಿ. ಇಳಿಸಿಯಾಯಿತೆಂದು ಕ್ಯಾಸೆಟ್ ಎಸೆಯಬೇಡಿ. ಪೂರ್ತಿ ಒಂದೇ ಕಡೆ ಸುತ್ತಿ, ಪುಸ್ತಕದಂತೆ ನಿಲ್ಲಿಸಿ, ಸ್ಪೀಕರ್ ಹತ್ತಿರ ಇಲ್ಲದ ಒಣ ಕಪಾಟಿನಲ್ಲಿಡಿ.