ಪ್ರಾಚೀನ ಈಜಿಪ್ಟಿನ ಸಂಸ್ಕೃತಿ ಅರ್ಥವಾಗಲು ಕಲಿಯಲೇಬೇಕಾದ 50 ಪದಗಳು ಯಾವುವು?

ನಾನೂ ಇಂಥ ಪಟ್ಟಿಯಿಂದಲೇ ಶುರು ಮಾಡಿದ್ದು. ಅದಕ್ಕೇ ಹೇಳುತ್ತೇನೆ, ಪಟ್ಟಿ ಬೇಡ. ಒಂದೇ ಒಂದು ವಾಕ್ಯ ಹಿಡಿಯಿರಿ. ಸಮಾಧಿ ಕಲ್ಲುಗಳ ಮೇಲೆ, ಶವಪೆಟ್ಟಿಗೆಗಳ ಮೇಲೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬರೆಯುತ್ತ ಬಂದ ವಾಕ್ಯ ಅದು: ‘ಹೆತೆಪ್ ದಿ ನೆಸು’, ರಾಜ ಕೊಡುವ ಅರ್ಪಣೆ.

ಮೊದಲು ಈ ಚಿತ್ರಲಿಪಿಯ ಚಿಹ್ನೆಗಳಲ್ಲಿರುವ ಹಕ್ಕಿ, ಮನುಷ್ಯರ ಮುಖ ಯಾವ ಕಡೆಗಿದೆ ನೋಡಿ. ಆ ಕಡೆಯಿಂದಲೇ ಓದಬೇಕು. ಆರಂಭದಲ್ಲಿ ಜೊಂಡಿನ ಗಿಡ ಕಾಣುತ್ತದೆ. ಅದೇ ನೆಸು, ರಾಜ. ಓದುವಾಗ ಕೊನೆಗೆ ಬಂದರೂ ಬರೆಯುವಾಗ ಗೌರವಕ್ಕಾಗಿ ಅವನು ಮುಂದೆ. ಆಮೇಲೆ ಸಾಮಾನ್ಯವಾಗಿ ಸತ್ತವರ ಲೋಕದ ದೇವರು ಒಸಿರಿಸ್‌ನ ಹೆಸರು, ‘ಅಬಿದೋಸ್‌ನ ಒಡೆಯ’ ಎಂಬಂಥ ಬಿರುದು (ಅಬಿದೋಸ್ ಅವನ ಪುಣ್ಯಕ್ಷೇತ್ರ). ಮುಂದಿನದು ಪೆರೆತ್-ಖೆರು, ಬಾಯಲ್ಲಿ ಉಚ್ಚರಿಸಿದರೆ ಸಾಕು, ಸತ್ತವನಿಗೆ ಸಿಗುವ ಅರ್ಪಣೆ: ರೊಟ್ಟಿ, ಬಿಯರ್, ಎತ್ತು, ಹಕ್ಕಿ, ಅಲಬಾಸ್ಟರ್ ಪಾತ್ರೆ, ಲಿನನ್ ಬಟ್ಟೆ. ತಾವರೆ ಗಿಡದ ಚಿಹ್ನೆ ಇದ್ದರೆ ಒಂದೊಂದೂ 1000. ಕೊನೆಗೆ ‘ಇಂಥವನ ಕಾ-ಗೆ’ ಎಂದು ಹೆಸರು, ಹೆಸರಿನ ಬೆನ್ನಿಗೆ ಮಾ-ಖೆರು.

ಜನ ಎಡವುವುದು ಈ ‘ಕಾ’ ಹತ್ತಿರ. ಕಾ ಅಂದರೆ ಆತ್ಮ ಎಂದು ಬರೆದುಕೊಂಡಿರೋ, ಮುಂದಿನದೆಲ್ಲ ಅಡ್ಡದಾರಿ. ಕಾ ಅಂದರೆ ಊಟದಿಂದ ಉಳಿಯುವ ಜೀವಶಕ್ತಿ. ನಮ್ಮ ಆತ್ಮಕ್ಕೆ ಹಸಿವಿಲ್ಲ, ಕಾ-ಗೆ ದಿನವೂ ಊಟ ಬೇಕು. ಅದಕ್ಕಾಗಿಯೇ ಸಮಾಧಿಯಲ್ಲಿ ಕಾ ದಾಟಿ ಬರಲು ಹುಸಿ ಬಾಗಿಲು, ಅದರ ಬುಡದಲ್ಲಿ ಅರ್ಪಣೆಯ ಕಲ್ಲು, ಕಾ ಬಂದು ನೆಲೆಸಲು ಪ್ರತಿಮೆ, ಇವನ್ನೆಲ್ಲ ನೋಡಿಕೊಳ್ಳಲು ಹೆಮ್-ಕಾ ಎಂಬ ಪುರೋಹಿತ, ಅವನ ಜೀವನಕ್ಕೆ ಜಮೀನು. 12ನೇ ರಾಜವಂಶದ ಕಾಲದಲ್ಲಿ ಅಸ್ಯೂತ್ ಪ್ರಾಂತ್ಯವನ್ನು ಆಳುತ್ತಿದ್ದ ಜೆಫಾಇಹಾಪಿ, ತನ್ನ ಪ್ರತಿಮೆಗೆ ರೊಟ್ಟಿ, ಬಿಯರ್, ದೀಪದ ಬತ್ತಿ ತಪ್ಪಬಾರದೆಂದು ಪುರೋಹಿತರು ಮುಂತಾದವರೊಂದಿಗೆ 10 ಕರಾರು ಮಾಡಿಕೊಂಡು, ಅವನ್ನು ಸಮಾಧಿಯ ಗೋಡೆಯ ಮೇಲೇ ಕೆತ್ತಿಸಿದ. ಹೋಲಿಸಲೇಬೇಕೆಂದರೆ ನಾವು ಪಿಂಡ ಇಡುವ ಪಿತೃಗಳು ಹೆಚ್ಚು ಹತ್ತಿರ. ಆದರೆ ನಾವು ದೇಹ ಸುಟ್ಟು ಪಿಂಡ ಇಡುತ್ತೇವೆ. ಅಲ್ಲಿ ದೇಹ ಉಳಿಯಲೇಬೇಕು.

ಯಾಕೆಂದರೆ ‘ಬಾ’ ಬೇರೆ ಇದೆ. ಅದು ಸತ್ತವನ ಓಡಾಡುವ ಅಂಶ, ಮನುಷ್ಯನ ತಲೆಯ ಹಕ್ಕಿಯಾಗಿ ಅದನ್ನು ಚಿತ್ರಿಸುತ್ತಿದ್ದರು. ಹಗಲು ಹೊರಗೆ ಹೋಗಿ ರಾತ್ರಿ ದೇಹಕ್ಕೇ ಮರಳುತ್ತದೆ. 70 ದಿನದ ಮಮ್ಮಿ ಕೆಲಸ, ನೇಟ್ರಾನ್ ಉಪ್ಪಿನಲ್ಲಿ ಒಣಗಿಸುವುದು, ಎಲ್ಲ ಈ ಮರಳುವಿಕೆಗಾಗಿ. ‘ಆಖ್’ ಎಂಬುದು ವಿಧಿಗಳೆಲ್ಲ ನೆಟ್ಟಗೆ ನಡೆದ ಮೇಲೆ ಸತ್ತವನು ಪಡೆಯುವ ಬೆಳಕಿನ ಸ್ಥಿತಿ.

ಮಾ-ಖೆರು ಅಂದರೆ ‘ಮಾತು ನಿಜವಾದವನು’, ತೀರ್ಪಿನಲ್ಲಿ ಗೆದ್ದವನು. ಸತ್ತವನ ಜೊತೆ ಇಡುತ್ತಿದ್ದ ಮಂತ್ರಗಳ ಸಂಗ್ರಹವಾದ ಮೃತರ ಪುಸ್ತಕದ 125ನೇ ಅಧ್ಯಾಯದಲ್ಲಿ 42 ದೇವತೆಗಳ ಎದುರು ಹೃದಯವನ್ನು ತಕ್ಕಡಿಗಿಡುತ್ತಾರೆ, ಇನ್ನೊಂದು ತಟ್ಟೆಯಲ್ಲಿ ಸತ್ಯ, ನ್ಯಾಯದ ದೇವತೆ ಮಾತ್‌ಳ ಗರಿ. ಕರುಳು, ಯಕೃತ್ತು ತೆಗೆದರೂ ಹೃದಯವನ್ನು ದೇಹದಲ್ಲೇ ಬಿಡುತ್ತಿದ್ದುದು ಇದಕ್ಕಾಗಿ.

ಅಭ್ಯಾಸಕ್ಕೆ ಮಧ್ಯ ರಾಜ್ಯದ (12ನೇ ರಾಜವಂಶವೂ ಸೇರಿದ ಯುಗ) ಕಾಲದ ಅಬಿದೋಸ್ ಕಲ್ಲುಗಳು ಒಳ್ಳೆಯವು. ಬ್ರಿಟಿಷ್ ಮ್ಯೂಸಿಯಂನ ಆನ್‌ಲೈನ್ ಸಂಗ್ರಹದಲ್ಲಿ ಸಿಗುತ್ತವೆ. ಕೊನೆಗೆ ಆಳಿದ ಗ್ರೀಕ್ ಮೂಲದ ರಾಜರಾದ ಟಾಲೆಮಿಗಳ ಕಾಲದ ದೇವಾಲಯದ ಬರಹಕ್ಕೆ ಈಗಲೇ ಕೈ ಹಾಕಬೇಡಿ. ಸುಮಾರು 700 ಇದ್ದ ಚಿಹ್ನೆಗಳು ಅಲ್ಲಿ ಸಾವಿರಗಟ್ಟಲೆಯಾಗಿವೆ.